ಎರಡೂವರೆ ಗಂಟೆಯ ಘಟ್ಟ, ಹತ್ತು ಗಂಟೆಯ ರೈಲು

ಮದರಾಸಿನ ಕಡೆಯ ರೈಲು ಪಾಲಕ್ಕಾಡು, ಕಲ್ಲಿಕೋಟೆ, ಕಣ್ಣೂರುಗಳನ್ನು ಸುತ್ತಿಕೊಂಡು, ನೇತ್ರಾವತಿ ದಾಟಿ ಮಂಗಳೂರಿಗೆ ಬಂದದ್ದು 1907ರಲ್ಲಿ. ಬೆಂಗಳೂರಿನ ಕಡೆಯ ರೈಲು ಹಾಸನದಿಂದ ಘಟ್ಟ ಇಳಿದು ಮಂಗಳೂರು ಕಂಡದ್ದು 1979ರಲ್ಲಿ. ನಡುವೆ 72 ವರ್ಷ. 1956ರಲ್ಲಿ ದಕ್ಷಿಣ ಕನ್ನಡ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ಬೆಂಗಳೂರೇ ರಾಜಧಾನಿಯಾಯಿತು. ಆಮೇಲೂ 23 ವರ್ಷ ವಿಧಾನಸೌಧದಲ್ಲಿ ಕೆಲಸವಿದ್ದ ಕರಾವಳಿಗನಿಗೆ ಬಸ್ಸೇ ಗತಿ. ಕೈಯಲ್ಲಿ ದುಡ್ಡಿದ್ದವರಿಗೆ ವಿಮಾನವಿತ್ತು. ಬೆಂಗಳೂರಿನ ರೈಲು ಬರುವುದಕ್ಕೆ ಎಷ್ಟೋ ಮೊದಲೇ, 1951ರ ಡಿಸೆಂಬರ್ 25ರಂದು, ಪ್ರಧಾನಿ ನೆಹರೂ ಅವರಿದ್ದ ಡಗ್ಲಾಸ್ ಡಿಸಿ-3 ಮಂಗಳೂರಿನ ಬಜ್ಪೆಯ ಗುಡ್ಡದ ನೆತ್ತಿಯಲ್ಲಿ ಇಳಿದಿತ್ತು.

ಇವತ್ತು ಆ ಬಡತನವಿಲ್ಲ. ಸುಮಾರು 350 ಕಿಲೋಮೀಟರ್ ದಾರಿಗೆ ವಿಮಾನವಿದೆ, ಹಗಲು ರೈಲು ರಾತ್ರಿ ರೈಲುಗಳಿವೆ, ಸರ್ಕಾರಿ ಬಸ್ಸು, ಖಾಸಗಿ ಸ್ಲೀಪರ್, ಸ್ವಂತ ಕಾರು ಎಲ್ಲವೂ ಇವೆ. ಬೆಂಗಳೂರಿನಲ್ಲಿ ನೆಲೆಸಿದ ಕರಾವಳಿಯವರ ಮನೆಗಳಲ್ಲಿ ಊರಿಗೆ ಹೊರಡುವ ಮಾತು ಬಂದಾಗೆಲ್ಲ ಇದೇ ಚರ್ಚೆ. ಅಪ್ಪನಿಗೆ ರೈಲು, ಮಗನಿಗೆ ಕಾರು, ಅಮ್ಮನಿಗೆ ಮನೆಯ ಹತ್ತಿರ ಇಳಿಸುವ ಬಸ್ಸು. ಕೊನೆಗೆ ಗೆಲ್ಲುವುದು ಬಹುಮಟ್ಟಿಗೆ ಬಸ್ಸೇ. ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಿಂದ ಗೊರಗುಂಟೆಪಾಳ್ಯದವರೆಗೆ ಬ್ಯಾಗು ಹಿಡಿದು ರಸ್ತೆಬದಿ ನಿಂತವರನ್ನು ನೋಡಿದರೆ ಇದು ಗೊತ್ತಾಗುತ್ತದೆ. ಇದನ್ನು ಜನರ ರುಚಿ ಎಂದು ತಿಳಿದರೆ ತಪ್ಪು. ರೈಲನ್ನು ಎರಡನೆಯ ಆಯ್ಕೆಯಾಗಿ ಮಾಡಿದ್ದು ಪ್ರಯಾಣಿಕರಲ್ಲ. ಬೆಟ್ಟದ ಪಾಲು ಕೂಡ ಅದರಲ್ಲಿ ಜನ ಅಂದುಕೊಂಡಷ್ಟಿಲ್ಲ.

ಮೊದಲು ವಿಮಾನದ ಲೆಕ್ಕ ಮುಗಿಸಿಬಿಡಬಹುದು. ಆಕಾಶದಲ್ಲಿ ಹೆಚ್ಚೆಂದರೆ ಒಂದು ಗಂಟೆ. ಆದರೆ ಜಯನಗರದವರು ದೇವನಹಳ್ಳಿ ತಲುಪಲು ಒಂದೂವರೆ ಗಂಟೆ ಕೈಯಲ್ಲಿಟ್ಟುಕೊಳ್ಳಬೇಕು. ತಪಾಸಣೆಗೆಂದು ಇನ್ನೊಂದೂವರೆ ಗಂಟೆ ಮೊದಲೇ ಹೋಗಿರಬೇಕು. ಬಜ್ಪೆಯಲ್ಲಿ ಇಳಿದವರ ಮನೆ ಹಂಪನಕಟ್ಟೆಯಲ್ಲಿದ್ದರೆ ಸರಿ, ಕುಂದಾಪುರದಲ್ಲಿದ್ದರೆ ಮತ್ತೆರಡು ಗಂಟೆ ರಸ್ತೆಯ ಮೇಲೆ. ಬಾಗಿಲಿಂದ ಬಾಗಿಲಿಗೆ ಎಣಿಸಿದರೆ ಅರ್ಧ ಹಗಲು ಹೋಯಿತು. ಮಳೆಗಾಲದಲ್ಲಿ ಮೋಡ ಮುಸುಕಿದರೆ ವಿಮಾನ ಬಜ್ಪೆಯ ಮೇಲೆ ಸುತ್ತು ಹೊಡೆದು ಬೇರೆ ಊರಿಗೆ ಹೋಗುವುದೂ ಉಂಟು. ಅದು ಟೇಬಲ್‌ಟಾಪ್ ರನ್‌ವೇ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇ ಮೀರಿ ಕಂದಕಕ್ಕೆ ಉರುಳಿ 158 ಮಂದಿ ಸತ್ತ ಜಾಗ. ಅಲ್ಲಿ ಪೈಲಟ್ ಎಚ್ಚರ ವಹಿಸಿದರೆ ಗೊಣಗುವ ಹಾಗಿಲ್ಲ. ಇಷ್ಟರ ಮೇಲೆ, ಊರಿನಿಂದ ಮರಳುವಾಗ ಅಮ್ಮ ಕಟ್ಟಿಕೊಡುವ ಗಂಟಿನ ಸಮಸ್ಯೆ ಬೇರೆ. ಕುಚ್ಚಲಕ್ಕಿ, ಹಲಸಿನ ಹಪ್ಪಳ ಸೇರಿದರೆ ತೂಕದ ಮಿತಿ ಮುಗಿಯಿತು. ಒಣಕೊಬ್ಬರಿಯನ್ನಂತೂ ಬೆಂಕಿ ಹತ್ತುವ ವಸ್ತು ಎಂದು ವಿಮಾನ ಸಂಸ್ಥೆಗಳು ಲಗೇಜಿನಿಂದ ತೆಗೆಸುತ್ತವೆ. ತೆಂಗಿನ ನಾಡಿನವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಬಸ್ಸಿನ ಬಲವೇ ಬೇರೆ. ರಾತ್ರಿ ಊಟ ಮಾಡಿ ಹತ್ತಿದರೆ ಬೆಳಗಿನ ಕಾಫಿಗೆ ಊರು. ಅದಕ್ಕಿಂತ ಮುಖ್ಯವಾಗಿ ಅದು ಕೇಳಿದಲ್ಲಿ ನಿಲ್ಲುತ್ತದೆ. ಮಂಗಳೂರು ದಾಟಿದ ಸ್ಲೀಪರ್ ಬಸ್ಸು ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪಿ, ಬ್ರಹ್ಮಾವರ, ಸಾಲಿಗ್ರಾಮ, ಕೋಟೇಶ್ವರ ಎಂದು ಒಂದೊಂದೇ ಊರಿನವರನ್ನು ಎಬ್ಬಿಸಿ ಇಳಿಸುತ್ತಾ ಹೋಗುತ್ತದೆ. ಅಲ್ಲಿಂದ ಮನೆಗೆ ಒಂದು ಆಟೊ, ಇಲ್ಲವೇ ಸ್ಕೂಟರ್ ತಂದು ಕಾಯುವ ತಮ್ಮ. ಇನ್ನು 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ದುಡ್ಡಿಲ್ಲದೆ ಘಟ್ಟ ಇಳಿಯಬಹುದು. ರಾಜಹಂಸ, ಐರಾವತ, ಅಂಬಾರಿಗಳಿಗೆ ಈ ಸವಲತ್ತಿಲ್ಲ. ಎಂಟು ಗಂಟೆ ಕೂತೇ ಹೋಗಬೇಕು. ಆದರೂ ಗಾರ್ಮೆಂಟ್ಸ್‌ನಲ್ಲಿ, ಹೋಟೆಲಿನಲ್ಲಿ ದುಡಿಯುವ ಹೆಣ್ಣುಮಗಳಿಗೆ ಊರಿಗೆ ಹೋಗಿಬರುವುದು ಖರ್ಚಿನ ಬಾಬತ್ತೇ ಅಲ್ಲವೆಂದಾದದ್ದು ಸಣ್ಣ ಬದಲಾವಣೆಯಲ್ಲ.

ಹಬ್ಬ ಬಂದಾಗ ಮಾತ್ರ ಬಸ್ಸಿನ ಮುಖ ಬದಲಾಗುತ್ತದೆ. ಚೌತಿಯ ಮುನ್ನಾದಿನ, ದೀಪಾವಳಿಯ ವಾರ, ಸಾಲು ರಜೆಯ ಗುರುವಾರ ಖಾಸಗಿ ಸ್ಲೀಪರ್ ದರ ಎರಡು ಪಟ್ಟು, ಮೂರು ಪಟ್ಟು ಏರುತ್ತದೆ. ಸಾರಿಗೆ ಇಲಾಖೆ ಪ್ರತಿ ಸಲ ಎಚ್ಚರಿಕೆ ಕೊಡುತ್ತದೆ, ಕೆಲವು ಬಸ್ಸುಗಳ ಮೇಲೆ ಕೇಸು ಹಾಕುತ್ತದೆ, ಮುಂದಿನ ಹಬ್ಬಕ್ಕೆ ಅದೇ ಕಥೆ. ವಿಮಾನಕ್ಕೊಂದು ನ್ಯಾಯ ಬಸ್ಸಿಗೊಂದು ನ್ಯಾಯವೇ ಎಂಬ ಮಾಲೀಕರ ಪ್ರಶ್ನೆಯಲ್ಲೂ ಅರ್ಥವಿದೆ ಅನ್ನಿ. ಆದರೆ ವಿಮಾನ ದುಬಾರಿಯಾದರೆ ಬಸ್ಸಿಗೆ ಬರಬಹುದು, ಬಸ್ಸು ದುಬಾರಿಯಾದರೆ ಹೋಗುವುದೆಲ್ಲಿಗೆ? ಜೊತೆಗೆ ಸುರಕ್ಷತೆಯ ಮಾತೂ ಇದೆ. 2025ರ ಅಕ್ಟೋಬರಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಹೊತ್ತಿ ಉರಿದು ಮಲಗಿದ್ದವರು ಮಲಗಿದಲ್ಲೇ ಬೆಂದುಹೋದರು. ಆಮೇಲೆ ಬಸ್ಸು ಹತ್ತಿದವರೆಲ್ಲ ಕಿಟಕಿ ಒಡೆಯುವ ಸುತ್ತಿಗೆ ಎಲ್ಲಿದೆ ಎಂದು ಹುಡುಕಿದ್ದು ಕೆಲವು ದಿನ ಮಾತ್ರ.

ಕಾರಿನವರಿಗೆ ಶಿರಾಡಿ ಘಟ್ಟವೇ ವಿಧಿ. ನೆಲಮಂಗಲ, ಯಡಿಯೂರು, ಚನ್ನರಾಯಪಟ್ಟಣ, ಹಾಸನದವರೆಗೆ ನಾಲ್ಕು ಪಥದಲ್ಲಿ ಹಾರಿಕೊಂಡು ಬಂದ ಗಾಡಿ ಸಕಲೇಶಪುರ ದಾಟಿ ಮಾರನಹಳ್ಳಿಗೆ ಬಂದಾಗ ಟ್ಯಾಂಕರುಗಳ ಬಾಲ ಹಿಡಿಯುತ್ತದೆ.   ಘಟ್ಟದ ರಸ್ತೆಗೆ ಎರಡು ಹಂತದಲ್ಲಿ ಕಾಂಕ್ರೀಟು ಹಾಕಲು 2015ರಲ್ಲೊಮ್ಮೆ, 2018ರಲ್ಲೊಮ್ಮೆ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿದರು. 2018ರ ಜುಲೈನಲ್ಲಿ ತೆರೆದ ದಾರಿ ಆಗಸ್ಟಿನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅದೇ ವಾರಗಳಲ್ಲಿ ಜೋಡುಪಾಲದ ಬಳಿ ಮಡಿಕೇರಿ-ಸಂಪಾಜೆ ರಸ್ತೆಯೂ ಕೊಚ್ಚಿಹೋಯಿತು. ಮರುವರ್ಷ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಆಗುಂಬೆಯ ತಿರುವುಗಳು ಭಾರಿ ವಾಹನಗಳನ್ನು ಮೊದಲೇ ಒಲ್ಲವು. ಘಟ್ಟದ ಕೆಳಗೆ ಅಡ್ಡಹೊಳೆಯಿಂದ ಬಿ.ಸಿ. ರೋಡಿನವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. 2025ರಲ್ಲಿ ಕಲ್ಲಡ್ಕದ ಮೇಲ್ಸೇತುವೆ ತೆರೆಯುವವರೆಗೆ ಅಲ್ಲಿನ ಹೆಸರಾಂತ ಕೆ.ಟಿ. ಚಹಾಕ್ಕಿಂತ ಅಲ್ಲಿನ ಧೂಳು, ಕೆಸರುಗಳೇ ಹೆಚ್ಚು ಪ್ರಸಿದ್ಧವಾಗಿದ್ದವು.

ರೈಲಿನ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕಾದ್ದಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, 109 ಸೇತುವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಯುವ ಕಡಿದಾದ ಹಳಿ. ಹತ್ತುವ ಗಾಡಿಗೆ ಹಿಂದಿನಿಂದ ಬೇರೆ ಎಂಜಿನ್ ಕೊಟ್ಟು ತಳ್ಳಬೇಕು. ವೇಗ ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ. ಎಡಕುಮೇರಿಯಂಥ ಕಾಡಿನ ನಿಲ್ದಾಣಗಳಲ್ಲಿ ನಿಂತು ಹೊರಡುವುದನ್ನೂ ಸೇರಿಸಿದರೆ ಘಟ್ಟಕ್ಕೆ ಎರಡು, ಎರಡೂವರೆ ಗಂಟೆ ಬೇಕೇಬೇಕು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. 2021ರ ಜುಲೈನಲ್ಲಿ ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಸೇರಿಸಿದಾಗ ಈ ನಿಧಾನಕ್ಕೇ ಜನ ಹೆಚ್ಚು ದುಡ್ಡು ಕೊಟ್ಟು ಟಿಕೆಟ್ ತೆಗೆದರು.

ಆದರೆ ಯಶವಂತಪುರದಿಂದ ಮಂಗಳೂರು ಜಂಕ್ಷನ್‌ಗೆ ಹಗಲು ರೈಲು ತೆಗೆದುಕೊಂಡು ಬಂದ ಕಾಲ ಸುಮಾರು ಹತ್ತು ಗಂಟೆ. ಘಟ್ಟದ ಎರಡೂವರೆ ಗಂಟೆ ಕಳೆದರೆ ಉಳಿದದ್ದು ಏಳೂವರೆ. ಅಷ್ಟು ಹೊತ್ತಿನಲ್ಲಿ ಕ್ರಮಿಸಬೇಕಾದ್ದು ಸುಮಾರು 300 ಕಿಲೋಮೀಟರ್, ಅದೂ ಹೆಚ್ಚಿನದು ಮೈದಾನದ ಹಳಿ. ಅಂದರೆ ಗಂಟೆಗೆ 40ರ ವೇಗ! ಕುಣಿಗಲ್ ಬಯಲಿನಲ್ಲಿ ಯಾವ ಘಟ್ಟವಿದೆ? ಇರುವುದು ಒಂಟಿ ಹಳಿ, ಎದುರು ಗಾಡಿಗಾಗಿ ಕಾಯುವ ಕ್ರಾಸಿಂಗ್, ಉದಾರವಾಗಿ ಬರೆದ ವೇಳಾಪಟ್ಟಿ. ಘಟ್ಟದ ಹೆಸರು ಹೇಳಿ ಬಯಲಿನ ಸೋಮಾರಿತನವನ್ನು ಮುಚ್ಚಿಟ್ಟುಕೊಂಡು ಬಂದದ್ದು ಹೀಗೆ.

ರೈಲು ಎರಡನೆಯ ಆಯ್ಕೆಯಾದುದರ ಹಿಂದೆ ಹಳೆಯ ಪೆಟ್ಟೊಂದೂ ಇದೆ. 1979ರಲ್ಲಿ ಹಾಕಿದ 189 ಕಿಲೋಮೀಟರಿನ ಹಾಸನ-ಮಂಗಳೂರು ಮಾರ್ಗ ಮೀಟರ್‌ಗೇಜ್ ಆಗಿತ್ತು. ಅದನ್ನು ಬ್ರಾಡ್‌ಗೇಜ್ ಮಾಡಲು ತೊಂಬತ್ತರ ದಶಕದಲ್ಲಿ ಮುಚ್ಚಿದವರು ಗೂಡ್ಸ್ ಗಾಡಿ ಬಿಟ್ಟದ್ದು 2006ರಲ್ಲಿ, ಪ್ರಯಾಣಿಕರ ಗಾಡಿ ಬಿಟ್ಟದ್ದು 2007ರ ಡಿಸೆಂಬರಿನಲ್ಲಿ. ಐಟಿ ಕಂಪನಿಗಳು ಎದ್ದು, ಕರಾವಳಿಯ ಹುಡುಗ ಹುಡುಗಿಯರು ಸಾಲುಸಾಲಾಗಿ ಬೆಂಗಳೂರು ಸೇರಿದ ಕಾಲ ಅದು. ಆ ಒಂದು ದಶಕ ರೈಲೇ ಇರಲಿಲ್ಲ. ರಾತ್ರಿ ಬಸ್ಸಿನ ವ್ಯಾಪಾರ ಬೆಳೆದದ್ದು ಆ ಖಾಲಿ ಜಾಗದಲ್ಲಿ. ರೈಲು ಮರಳಿ ಬಂದ ಮೇಲೂ ಮೈಸೂರು ಸುತ್ತಿಕೊಂಡೋ ಅರಸೀಕೆರೆ ಬಳಸಿಕೊಂಡೋ ಹೋಗಬೇಕಿತ್ತು. ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ನೇರ ಹಳಿ ಬಿದ್ದದ್ದು 2017ರಲ್ಲಿ.

ರೈಲು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಕಣ್ಣೆದುರೇ ಇದೆ. 2020ರ ಮಾರ್ಚಿನಲ್ಲಿ ಶುರುವಾದ ಬೆಂಗಳೂರು-ಕಾರವಾರ ರಾತ್ರಿ ರೈಲು, ಈಗಿನ ಪಂಚಗಂಗಾ ಎಕ್ಸ್‌ಪ್ರೆಸ್, ಕುಣಿಗಲ್ ಮಾರ್ಗ ಹಿಡಿಯುತ್ತದೆ. ಮಂಗಳೂರಿನ ದೊಡ್ಡ ನಿಲ್ದಾಣಗಳಿಗೆ ಹೋಗದೆ ಪಡೀಲಿನಿಂದಲೇ ಕೊಂಕಣ ಹಳಿಗೆ ತಿರುಗುತ್ತದೆ. ಸಂಜೆ ಬೆಂಗಳೂರು ಬಿಟ್ಟವರು ಕೋಳಿ ಕೂಗುವ ಮೊದಲೇ ಉಡುಪಿ, ಕುಂದಾಪುರಗಳಲ್ಲಿ ಇಳಿಯುತ್ತಾರೆ. ಕುಂದಾಪುರದ ಪ್ರಯಾಣಿಕರ ಸಂಘಟನೆಗಳು ಪಟ್ಟು ಹಿಡಿದು ಪಡೆದ ಗಾಡಿ ಇದು. ಅದರಲ್ಲಿ ಬರ್ತ್ ಸಿಗುವುದೇ ಕಷ್ಟವಾಯಿತು. ಬಸ್ಸು ಬಿಟ್ಟರೆ ಕರಾವಳಿಯವರಿಗೆ ಬೇರೆ ಬೇಡ ಎನ್ನುತ್ತಿದ್ದವರು ಆಮೇಲೆ ಸುಮ್ಮನಾದರು.

ಮಂಗಳೂರಿನ ಇನ್ನೊಂದು ಗ್ರಹಚಾರವೆಂದರೆ ಅದು ಮೂರು ಮನೆಯ ಕೂಸು. ನಗರದ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ; ಪಡೀಲಿನಿಂದ ಘಟ್ಟ ಹತ್ತುವ ಹಳಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ; ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ ನಿಗಮ. ಒಂದು ಗಾಡಿಯ ವೇಳೆ ಅರ್ಧ ಗಂಟೆ ಹಿಂದೆ ಮುಂದೆ ಮಾಡಬೇಕಾದರೂ ಮೂರು ಕಚೇರಿಗಳು ಒಪ್ಪಬೇಕು. ಪ್ಲಾಟ್‌ಫಾರ್ಮ್ ಖಾಲಿಯಿಲ್ಲ ಎಂದು ಒಬ್ಬರು, ಎಂಜಿನ್ ಇಲ್ಲ ಎಂದು ಇನ್ನೊಬ್ಬರು. ಮಂಗಳೂರನ್ನು ಒಂದೇ ಆಡಳಿತದ ಕೆಳಗೆ ತನ್ನಿ ಎಂಬ ಹಳೆಯ ಬೇಡಿಕೆಯನ್ನು ಪ್ರಾಂತಾಭಿಮಾನದ ಮಾತೆಂದು ತಳ್ಳಿಹಾಕುವವರು ಈ ವೇಳಾಪಟ್ಟಿಗಳನ್ನು ಒಮ್ಮೆ ಓದಬೇಕು.

ಇದನ್ನೆಲ್ಲ ಸರಿಪಡಿಸಲು ಈಗ ಸಮಯ ಒದಗಿದೆ. ಘಟ್ಟದ ಹಳಿಯ ಮೇಲೆ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕಾಗಿ 2025ರಲ್ಲಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಲಾಯಿತು. ಪ್ರಯಾಣಿಕರು ಅದನ್ನೂ ತಡೆದುಕೊಂಡರು. ವಂದೇ ಭಾರತ್ ಬೇಕೆಂಬ ಕೂಗು ಇದರ ಬೆನ್ನಿಗೇ ಜೋರಾಗಿದೆ. ಬರಲಿ, ಬೇಡವೆನ್ನುವವರಾರು? ಆದರೆ ಗಾಡಿಯ ಮೂತಿ ಎಷ್ಟು ಚೂಪಾದರೂ ಎಡಕುಮೇರಿಯ ತಿರುವಿನಲ್ಲಿ ಅದು ತೆವಳಲೇಬೇಕು. ಉಳಿಸಬಹುದಾದ ಗಂಟೆಗಳಿರುವುದು ಚಿಕ್ಕಬಾಣಾವರದಿಂದ ಹಾಸನದವರೆಗಿನ ಹಳಿಯಲ್ಲಿ. ಅಲ್ಲಿ ಜೋಡಿ ಹಳಿ ಹಾಕಿ, ಕ್ರಾಸಿಂಗಿಗೆ ಕಾಯಿಸುವುದನ್ನು ಕಡಿಮೆ ಮಾಡಿದರೆ ಸಾಮಾನ್ಯ ಸ್ಲೀಪರ್ ಬೋಗಿಯವರಿಗೂ ಅದರ ಲಾಭ ಸಿಕ್ಕೀತು. ದುಬಾರಿ ಗಾಡಿಗೆ ಹಸಿರು ನಿಶಾನೆ ತೋರಿಸುವುದು ಸುಲಭ, ಹಳಿ ಹಾಕುವುದು ಕಷ್ಟ. ರಾಜಕಾರಣಿಗಳ ಒಲವು ಯಾವ ಕಡೆಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ರೈಲಿಗೂ ಮಳೆಯ ಭಯವಿಲ್ಲದಿಲ್ಲ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜಾರಿ ಗಾಡಿಗಳು ಹಲವು ದಿನ ನಿಂತವು. ಅದೇ ತಿಂಗಳು ಶಿರಾಡಿಯ ರಸ್ತೆಯ ಮೇಲೂ ಗುಡ್ಡ ಬಿತ್ತು. ಅದಕ್ಕೂ ಮೊದಲು ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಕರಾವಳಿಯ ಹೆದ್ದಾರಿಯೇ ಕಡಿದುಹೋಗಿ ಜನ ಸತ್ತಿದ್ದರು. ಹೀಗೆ ಎಲ್ಲ ದಾರಿಗಳೂ ಒಟ್ಟಿಗೆ ಮುಚ್ಚಿದಾಗ ಉಳಿಯುವುದು ವಿಮಾನ, ಅದರ ದರ ಅಂದು ಯಾರ ಕೈಗೂ ಎಟುಕದು. ಘಟ್ಟದ ಆಚೆಯಿಂದ ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಬರಬೇಕಾದ ಹಾಸನ, ಚಿಕ್ಕಮಗಳೂರು, ಕೊಡಗಿನ ರೋಗಿಗಳಿಗೆ ಆ ದಿನಗಳು ಇನ್ನೂ ಕಷ್ಟ. ಅಂಥ ವಾರಗಳಲ್ಲಿ ಯಾವ ಘಟ್ಟ ತೆರೆದಿದೆ, ಯಾವ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ರೈಲ್ವೆ, ಕೆಎಸ್‌ಆರ್‌ಟಿಸಿ, ಜಿಲ್ಲಾಡಳಿತಗಳು ಒಂದೇ ಬಾಯಲ್ಲಿ ಹೇಳುವ ವ್ಯವಸ್ಥೆಯಾದರೂ ಬೇಕಿತ್ತು. ಈಗ ಆ ಕೆಲಸವನ್ನು ಮಾಡುತ್ತಿರುವುದು ವಾಟ್ಸ್‌ಆ್ಯಪ್ ಗುಂಪುಗಳು.

ತುರ್ತಾಗಿ, ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸವೂ ಒಂದಿದೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿಯಿತು. ಚೌತಿ, ದಸರೆ, ದೀಪಾವಳಿ ಯಾವತ್ತು ಎಂದು ಪಂಚಾಂಗ ಅದಕ್ಕೂ ಎಷ್ಟೋ ಮೊದಲೇ ಹೇಳಿರುತ್ತದೆ. ಆದರೆ ಹಬ್ಬದ ವಿಶೇಷ ರೈಲು ಪ್ರಕಟವಾಗುವುದು ಜನ ಬಸ್ಸಿಗೆ ಮೂರು ಪಟ್ಟು ತೆತ್ತು ಸೀಟು ಹಿಡಿದ ಮೇಲೆ. ಹಾಗಾಗಿ ಅದು ಅರ್ಧ ಖಾಲಿ ಓಡಿದರೆ ಬೇಡಿಕೆಯೇ ಇಲ್ಲ ಎಂಬ ವರದಿಗೆ ಅದೇ ಆಧಾರವಾಗುತ್ತದೆ. ಬುಕಿಂಗ್ ತೆರೆಯುವ ದಿನವೇ ವಿಶೇಷ ರೈಲುಗಳ ಪಟ್ಟಿಯೂ ಹೊರಬರಬೇಕೆಂದು ರಾಜ್ಯ ಸರ್ಕಾರ ಮತ್ತು ಕರಾವಳಿಯ ಸಂಸದರು ನೈರುತ್ಯ ರೈಲ್ವೆಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಲಿ. ಖಾಸಗಿ ಬಸ್ಸಿನ ದರಕ್ಕೆ ಸಾರಿಗೆ ಇಲಾಖೆಯ ಎಚ್ಚರಿಕೆಗಿಂತ ಎದುರಿಗೆ ನಿಂತ ಖಾಲಿ ಬರ್ತಿನ ಭಯವೇ ಹೆಚ್ಚು.