ಗಾಳಿಯಲ್ಲಿ ಕರೆಂಟು ಉಂಟು, ನಮ್ಮ ತೋಟದಲ್ಲಿ ಎಷ್ಟುಂಟು?

ಹೋದ ವಾರ ಒಬ್ಬ ಯುವಕರು ಮನೆಗೆ ಬಂದಿದ್ದರು. ಅಡಿಕೆ ತೋಟದ ಮಣ್ಣಿನ ತೇವ ಅಳೆಯುವ ಸೆನ್ಸರ್ ಮಾರಲಿಕ್ಕೆ. ಬ್ಯಾಟರಿ ಇಲ್ಲ, ಸೋಲಾರ್ ಇಲ್ಲ, ವಯರೂ ಇಲ್ಲ. "ಮೊಬೈಲ್ ಟವರಿನ, ರೇಡಿಯೋದ ಅಲೆಗಳು ಗಾಳಿಯಲ್ಲಿ ಸುಮ್ಮನೆ ಹೋಗ್ತಾ ಉಂಟಲ್ಲ ಅಣ್ಣ, ಅದನ್ನೇ ಹಿಡಿದು ಕರೆಂಟು ಮಾಡ್ತದೆ" ಅಂದರು. ಇಪ್ಪತ್ತು ಸೆನ್ಸರಿಗೆ ಅರ್ಧ ಹಣ ಮುಂಗಡ. ನಮ್ಮ ಪಕ್ಕದ ಮನೆಯ ಹುಡುಗ ಸೊಸೈಟಿಯಲ್ಲಿ ಸಾಲ ತೆಗೆದಾದರೂ ಹಾಕಿಸುವ ಅಂತ ಹೊರಟಿದ್ದಾನೆ. ಹಾಗಾಗಿ ಇದನ್ನು ಬರೆಯುವುದು.

ಅವರು ಹೇಳಿದ್ದು ಸುಳ್ಳಲ್ಲ. ನಿಜ ಹೇಳಬೇಕೆಂದರೆ ಅದು ಇಲ್ಲಿಯೂ ನಡೆಯಬೇಕು ಅಂತ ನನಗೇ ಆಸೆ. ಎರಡು ವರ್ಷದ ಹಿಂದೆ ಬ್ಯಾಟರಿಯ ನಾಲ್ಕು ಸೆನ್ಸರ್ ಹಾಕಿಸಿದ್ದೆ. ಆಟಿಯ ಮಳೆಗೆ ಮೂರಕ್ಕೆ ನೀರು ನುಗ್ಗಿತು, ನಾಲ್ಕನೆಯದರ ಬ್ಯಾಟರಿ ಯಾವಾಗ ಸತ್ತಿತೋ ಗೊತ್ತೇ ಆಗಲಿಲ್ಲ. ಬೇಸಗೆಯಲ್ಲಿ ಸ್ಪ್ರಿಂಕ್ಲರ್ ಎಷ್ಟು ಹೊತ್ತು ಬಿಡಬೇಕು ಅಂತ ಈಗಲೂ ಬುಡದ ಮಣ್ಣು ಕೆದಕಿ, ಮುಷ್ಟಿಯಲ್ಲಿ ಹಿಚುಕಿ ನೋಡುವುದು.

ಅಲೆಯಿಂದ ಕರೆಂಟು ಬರುವುದನ್ನು ನಾನು ಕಿವಿಯಲ್ಲೇ ಕೇಳಿದವನು. ಹೈಸ್ಕೂಲಿನಲ್ಲಿದ್ದಾಗ ರಜೆಗೆ ಬ್ರಹ್ಮಾವರದ ಸೋದರಮಾವನ ಮನೆಗೆ ಹೋಗಿದ್ದೆ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರಿನಲ್ಲಿ. ಅದರ 1089 ಕಿಲೋಹರ್ಟ್ಸ್‌ನ ಪ್ರಸಾರ ಯಂತ್ರ ಇದ್ದದ್ದು ಬ್ರಹ್ಮಾವರದಲ್ಲಿ. ಮಾವ ಒಂದು ತಾಮ್ರದ ಸುರುಳಿ, ಒಂದು ಗ್ಯಾಂಗ್ ಕಂಡೆನ್ಸರ್, ಒಂದು ಜರ್ಮೇನಿಯಂ ಡಯೋಡು, ಹಳೆಯ ಹೆಡ್‌ಫೋನು ಸೇರಿಸಿ ಕಟ್ಟಿದರು. ಎರಡು ತೆಂಗಿನ ಮರದ ನಡುವೆ ಉದ್ದದ ತಂತಿ, ಬಾವಿಕಟ್ಟೆಯ ಒದ್ದೆ ಮಣ್ಣಿಗೆ ಒಂದು ಕಬ್ಬಿಣದ ಸರಳು. ಸೆಲ್ಲು ಇಲ್ಲ, ಕರೆಂಟು ಇಲ್ಲ. ವಾರ್ತೆ ಸ್ಪಷ್ಟ ಕೇಳಿತು ಮಾರಾಯ್ರೆ! ಮಾತನ್ನು ಹೊತ್ತು ತಂದ ಅಲೆಯೇ ಹೆಡ್‌ಫೋನಿಗೆ ಶಕ್ತಿಯನ್ನೂ ಕೊಡುತ್ತಿತ್ತು. (ಇಂಥ ಹರಳಿನ ಡಿಟೆಕ್ಟರಿಗೆ ನಮ್ಮ ಜಗದೀಶ್ ಚಂದ್ರ ಬೋಸರು 1904ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು.)

ಅದೇ ಪೆಟ್ಟಿಗೆಯನ್ನು ಪೆರಾಬೆಗೆ ತಂದೆ. ಅಡಿಕೆ ಮರದಿಂದ ಮರಕ್ಕೆ ಇನ್ನೂ ಉದ್ದದ ತಂತಿ ಕಟ್ಟಿದೆ. ಒಂದು ಶಬ್ದ ಇಲ್ಲ. ನಡುವೆ ಹತ್ತಿರ ಹತ್ತಿರ ನೂರು ಕಿಲೋಮೀಟರ್, ಸಾಲು ಗುಡ್ಡೆ.

ಈಗಲೂ ವಿಷಯ ಅಷ್ಟೇ. 2009ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕರು ಟಿವಿ ಗೋಪುರದ ಅಲೆಯಿಂದಲೇ ಉಷ್ಣತೆ, ತೇವಾಂಶ ತೋರಿಸುವ ಒಂದು ಸಣ್ಣ ಮೀಟರನ್ನು ನಡೆಸಿದರು. ಗೋಪುರ 960 ಕಿಲೋವಾಟಿನದ್ದು, ದೂರ ಬರೀ 4 ಕಿಲೋಮೀಟರ್ ಚಿಲ್ಲರೆ, ಆಂಟೆನಾ ನೇರ ಅದರ ಕಡೆಗೆ. ಆದರೂ ಸಿಕ್ಕಿದ್ದು 60 ಮೈಕ್ರೋವಾಟ್. 9 ವಾಟಿನ ಒಂದು ಎಲ್‌ಇಡಿ ಬಲ್ಬು ಉರಿಸಲಿಕ್ಕೆ ಅಂಥ ಒಂದೂವರೆ ಲಕ್ಷ ಪೆಟ್ಟಿಗೆ ಬೇಕು!

ಇನ್ನು ನಮ್ಮಲ್ಲಿಗೆ ಬರುವ. ನಿಮ್ಮ ಫೋನಿನ ಸೆಟ್ಟಿಂಗಿನಲ್ಲಿ ಸಿಗ್ನಲ್ ಎಷ್ಟು ಅಂತ ಡಿಬಿಎಂ ಲೆಕ್ಕದಲ್ಲಿ ತೋರಿಸ್ತದೆ, ನೋಡಿ. ನನ್ನ ತೋಟದಲ್ಲಿ ಮೈನಸ್ 100ಕ್ಕಿಂತ ಮೇಲೆ ಬಂದದ್ದಿಲ್ಲ. ಮೈನಸ್ 100 ಅಂದರೆ ಒಂದು ವಾಟನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು. ಮಾತಾಡಲಿಕ್ಕೆ ರಸ್ತೆ ಬದಿಗೆ ಹತ್ತಿ ಹೋಗಬೇಕಾದ ಜಾಗದಲ್ಲಿ ಸೆನ್ಸರಿಗೆ ಊಟ ಎಲ್ಲಿಂದ?

ಟವರಿನ ಬುಡದಲ್ಲೇ ಇದ್ದರೂ ಹೆಚ್ಚಿಲ್ಲ. 2012ರ ಸೆಪ್ಟೆಂಬರಿನಲ್ಲಿ ಸರಕಾರ ಇಟ್ಟ ಮಿತಿ 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವಾಟ್. ನಡು ಮಧ್ಯಾಹ್ನದ ಬಿಸಿಲು ಸುಮಾರು 1000 ವಾಟ್. ಅಡಿಕೆ ನೆರಳಿನಲ್ಲಿ ಹತ್ತರಲ್ಲೊಂದು ಪಾಲು ಬಿಸಿಲು ಬಿದ್ದರೂ ಆ ಮಿತಿಯ ಇನ್ನೂರು ಪಟ್ಟು ಆಯಿತು. ಪಾಚಿ ಹಿಡಿದ ಅಂಗೈಯಗಲದ ಸೋಲಾರ್ ಹಲಗೆಯೇ ವಾಸಿ, ವಾರಕ್ಕೊಮ್ಮೆ ಒರೆಸಿದರಾಯಿತು.

ಹಾಗಂತ ಇಡೀ ವಿದ್ಯೆಯೇ ಬೇಡ ಅಂತಲ್ಲ. ಬಿ.ಸಿ. ರೋಡಿನ ಹತ್ತಿರ ಬ್ರಹ್ಮರಕೂಟ್ಲು ಟೋಲಿನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗಿಗೆ ಬ್ಯಾಟರಿ ಉಂಟಾ? ಇಲ್ಲ. ಅಲ್ಲಿಯ ರೀಡರ್ ಕೆಲವೇ ಮೀಟರಿನಿಂದ ಅಲೆ ಬಿಡ್ತದೆ, ಅದನ್ನೇ ಉಂಡು ಸ್ಟಿಕರು ಉತ್ತರ ಕೊಡ್ತದೆ. ಇದೇ ರೀತಿ ಮರದ ಬುಡದಲ್ಲಿ ಒಂದು ಬ್ಯಾಟರಿ ಇಲ್ಲದ ಬಿಲ್ಲೆ, ನಮ್ಮ ಕೈಯಲ್ಲಿ ಒಂದು ರೀಡರ್ ಕೊಡಲಿ. ದಿನಾ ಹೇಗೂ ತೋಟಕ್ಕೆ ಇಳಿಯುವವರಲ್ಲವಾ ನಾವು? ಅಲೆಯನ್ನು ನಾವೇ ಕೊಂಡುಹೋಗುವ. ಅಂಥದ್ದಕ್ಕೆ ಹಣ ಕೊಡಲಿಕ್ಕೆ ನನಗೆ ಬೇಜಾರಿಲ್ಲ. ಬೇಕಿದ್ದರೆ ಬಿಲ್ಲೆ ಒದ್ದೆ ಮಣ್ಣಿಗೆ ತಡೆಯುವಂತೆ ಮಾಡುವ ಕಷ್ಟ ಅವರಿಗಿರಲಿ.

ಪಕ್ಕದ ಹುಡುಗನಿಗೆ ಸಾಲದ ಅರ್ಜಿ ಒಂದು ವಾರ ಹಿಡಿದುಕೋ ಅಂದಿದ್ದೇನೆ. ಯುವಕರಿಗೂ ಫೋನು ಮಾಡಿದೆ, ಒಂದೇ ಒಂದು ಸೆನ್ಸರ್ ತನ್ನಿ, ಮುಂಗಡ ಇಲ್ಲ, ಜಾಗ ನಾನು ತೋರಿಸ್ತೇನೆ ಅಂತ. ಕೆಳಗಿನ ತೋಟದಲ್ಲಿ ಕಣಿಯ ಬದಿಗೆ, ಫೋನಿಗೆ ಒಂದು ಕಡ್ಡಿಯೂ ಬಾರದ ಕಡೆ. ಮಂಗಳವಾರ ಬರ್ತೇನೆ ಅಂದಿದ್ದಾರೆ.