ಮಾರಿದ ದುಡ್ಡು ಯಾರ ಖಾತೆಯಲ್ಲಿದೆ?

‘ಅಣ್ಣಾ, ಡ್ರಾಫ್ಟರ್ ದುಡ್ಡು ಆಶ್ರಮಕ್ಕೆ ಕೊಟ್ರಾ?’

ಜೂನಿಯರ್ ಒಬ್ಬ ನಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಹೀಗೆ ಕೇಳಿದಾಗ ನಾನು ಭದ್ರಾವತಿ ಬಸ್ಸಿನಲ್ಲಿ ನಿಂತಿದ್ದೆ. ಮೆಸೇಜ್ ಓದಿ ಮೊಬೈಲ್ ಜೇಬಿಗೆ ಹಾಕಿಕೊಂಡೆ. ಕೊಡಲು ಉತ್ತರವೇ ಇರಲಿಲ್ಲ. ದುಡ್ಡು ಇನ್ನೂ ನನ್ನ ಖಾತೆಯಲ್ಲಿತ್ತು. ಅದೂ ಪೂರ್ತಿ ಇರಲಿಲ್ಲ.

ಆಗಿದ್ದು ಇಷ್ಟು. ಸೆಮಿಸ್ಟರ್ ಮುಗಿದ ಮೇಲೆ ನಾವು ಐದು ಜನ ಶಿವಮೊಗ್ಗದ ಒಂದು ವೃದ್ಧಾಶ್ರಮಕ್ಕೆ ಹಳೇ ಬಟ್ಟೆ ಕೊಡಲು ಹೋಗಿದ್ದೆವು. ಅಲ್ಲಿ ನೋಡಿಕೊಳ್ಳುವ ಅಮ್ಮ ಮೂಟೆ ನೋಡಿ ನಕ್ಕರು. ‘ಬಟ್ಟೆ ಬೇಡ ಕಣ್ರಪ್ಪ, ಇಡೋಕೆ ಜಾಗ ಇಲ್ಲ. ಡೈಪರ್ ತಂದುಕೊಡಿ’ ಎಂದರು. ಒಂದು ಕೋಣೆಯ ತುಂಬ ಯಾರ್‍ಯಾರೋ ಕೊಟ್ಟ ಸೀರೆ, ಸ್ವೆಟರ್‌ಗಳು ಬಿದ್ದಿದ್ದವು. ದಾನದ ಹೆಸರಿನಲ್ಲಿ ನಾವು ಎಷ್ಟೋ ಸಲ ನಮ್ಮ ಬೀರು ಖಾಲಿ ಮಾಡಿಕೊಳ್ಳುತ್ತೇವೆ ಅಷ್ಟೆ ಅನ್ನಿಸಿತು.

ಹಾಗಾದರೆ ನಮ್ಮಲ್ಲಿರುವುದನ್ನು ಮಾರಿ ದುಡ್ಡನ್ನೇ ಕೊಡೋಣ ಎಂದು ನಿರ್ಧರಿಸಿದೆವು. ಮಿನಿ ಡ್ರಾಫ್ಟರ್, ಲ್ಯಾಬ್ ಕೋಟು, ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್, ಒಂದು ಗಿಟಾರ್, ಗೆಳೆಯನ ಗೇರ್ ಸೈಕಲ್. ಫೋಟೊ ತೆಗೆದು ಇನ್‌ಸ್ಟಾಗ್ರಾಂ, ಓಎಲ್‌ಎಕ್ಸ್, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆವು. ಬೆಲೆ ಕಟ್ಟುವ ಕೆಲಸ ನನ್ನದು. ನಮ್ಮಪ್ಪನದು ಭದ್ರಾವತಿಯಲ್ಲಿ ಗುಜರಿ ಅಂಗಡಿ. 2015ರಲ್ಲಿ ಎಂಪಿಎಂ ಯಂತ್ರಗಳು ನಿಂತ ಮೇಲೆ ಪೇಪರ್ ಟೌನ್ ಬಿಟ್ಟು ಹೋದವರ ಮಂಚ, ಬೀರು, ಹೊಲಿಗೆ ಮಷಿನ್‌ಗಳು ಅಂಗಡಿ ಮುಂದೆ ಸಾಲಾಗಿ ನಿಂತಿದ್ದನ್ನು ನೋಡಿ ಬೆಳೆದವ ನಾನು. ಹಳೇ ವಸ್ತುವಿನ ಬೆಲೆ ಅಂದಾಜು ಮಾಡುವುದು ಸರ್ಕ್ಯೂಟ್ ಥಿಯರಿಗಿಂತ ನನಗೆ ಸುಲಭ.

ಹನ್ನೆರಡು ದಿನಕ್ಕೆ ₹9,650 ಬಂತು. ಎಲ್ಲವೂ ನನ್ನ ಯುಪಿಐಗೆ. ಅಷ್ಟರಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ಕೊನೇ ದಿನ ಬಂತು. ಅಪ್ಪನ ಹತ್ತಿರ ಆ ವಾರ ದುಡ್ಡಿರಲಿಲ್ಲ. ‘ಮುಂದಿನ ವಾರ ಹಾಕಿದರಾಯ್ತು’ ಅಂದುಕೊಂಡು ಅದರಿಂದ ₹1,800 ತೆಗೆದೆ. ಮುಂದಿನ ವಾರ ಬರಲೇ ಇಲ್ಲ. ಎರಡು ತಿಂಗಳ ನಂತರ ಬಂದಿದ್ದು ಜೂನಿಯರ್‌ನ ಆ ಮೆಸೇಜ್.

ಅವತ್ತು ರಾತ್ರಿ ಅಪ್ಪನಿಗೆ ಹೇಳಿದೆ. ಬೈಯಲಿಲ್ಲ. ಅಂಗಡಿಯ ಗಲ್ಲಾ ಪಕ್ಕ ಇರುವ ಹಾರ್ಲಿಕ್ಸ್ ಡಬ್ಬಿ ತೋರಿಸಿದರು. ಯಾರಾದರೂ ‘ಇದನ್ನು ಮಾರಿಕೊಡಿ’ ಎಂದು ಬಿಟ್ಟುಹೋದ ವಸ್ತುವಿನ ದುಡ್ಡು ಗಲ್ಲಾಕ್ಕೆ ಹೋಗುವುದಿಲ್ಲ, ಆ ಡಬ್ಬಿಗೆ ಹೋಗುತ್ತದೆ, ಜೊತೆಗೆ ಒಂದು ಚೀಟಿ. ಚಿಕ್ಕಂದಿನಿಂದ ನೋಡಿದ್ದೆ. ಯಾಕೆ ಎಂದು ಕೇಳಿರಲಿಲ್ಲ. ಮರುದಿನ ಗೆಳೆಯನ ಹತ್ತಿರ ಸಾಲ ಮಾಡಿ ₹9,650 ಪೂರ್ತಿ ಕಟ್ಟಿದೆ, ಗ್ರೂಪ್‌ನಲ್ಲಿ ನಡೆದದ್ದನ್ನು ಬರೆದೆ. ಕೆಲವರು ‘ಪರವಾಗಿಲ್ಲ ಬಿಡು ಮಗಾ’ ಅಂದರು. ಇಬ್ಬರು ಗ್ರೂಪ್ ಬಿಟ್ಟರು. ಅವರದ್ದೇ ಸರಿ ಅನ್ನಿಸುತ್ತದೆ.

ಇದನ್ನೆಲ್ಲ ಕೇಳಿದ ದೊಡ್ಡಮ್ಮನ ಮಗಳು ಕೆನಡಾದಿಂದ ಫೋನ್ ಮಾಡಿದಳು. ಅಕ್ಕ ಓದುತ್ತಿರುವುದು ಟೊರಾಂಟೊ ಹತ್ತಿರದ ಬ್ರಾಂಪ್ಟನ್‌ನಲ್ಲಿ. ಅಲ್ಲಿ ಇಬೇನಲ್ಲಿ ವಸ್ತು ಮಾರುವಾಗಲೇ ಬೆಲೆಯ ಶೇ 10ರಿಂದ 100ರವರೆಗೆ ಎಷ್ಟು ಪಾಲು, ಯಾವ ಸಂಸ್ಥೆಗೆ ಎಂದು ಮಾರುವವರು ಮೊದಲೇ ಗುರುತು ಹಾಕಬಹುದಂತೆ. ಆ ಪಾಲು ಸಂಸ್ಥೆಗೆ ತಲುಪುವುದು ಪೇಪಾಲ್ ಗಿವಿಂಗ್ ಫಂಡ್ ಎಂಬ ಬೇರೆಯೇ ಸಂಸ್ಥೆಯ ಮೂಲಕ. ದಾನದ ಸಂಸ್ಥೆ ಅಸಲಿಯೇ ಎಂದು ನೋಡಲು ಅಲ್ಲಿನ ಕಂದಾಯ ಇಲಾಖೆಯ ಪಟ್ಟಿ ಎಲ್ಲರಿಗೂ ತೆರೆದಿದೆ. ಕೆನಡಾದವರು ನಮಗಿಂತ ಪ್ರಾಮಾಣಿಕರು ಅಂತಲ್ಲ. ಮಾರುವವನ ಪ್ರಾಮಾಣಿಕತೆಯ ಮೇಲೇ ಎಲ್ಲ ಭಾರ ಬೀಳದ ಹಾಗೆ ದಾರಿ ಮಾಡಿದ್ದಾರೆ. ನನ್ನಂಥವನಿಗೆ ಬೇಕಾಗಿದ್ದು ಅದೇ.

ನಮ್ಮಲ್ಲಿ ಅಂಥ ವ್ಯವಸ್ಥೆ ಬರಲಿ ಎಂದು ಕಾಯಬೇಕಿಲ್ಲ. ಕೊಳ್ಳುವವರು ನಮಗೆ ದುಡ್ಡು ಕೊಡುವುದೇ ಬೇಡ. ಆಶ್ರಮದ ಕ್ಯೂಆರ್ ಕೋಡ್ ಕಳಿಸಿ, ನೇರ ಅಲ್ಲಿಗೇ ಹಾಕಲಿ. ಆಶ್ರಮದವರು ‘ಬಂತು’ ಅಂದ ಮೇಲೆ ಗೋಪಿ ಸರ್ಕಲ್‌ನಲ್ಲೋ ಕಾಲೇಜು ಗೇಟಿನಲ್ಲೋ ವಸ್ತು ಕೊಟ್ಟರಾಯಿತು. ಸ್ಕ್ರೀನ್‌ಶಾಟ್ ಮಾತ್ರ ನಂಬಬೇಡಿ, ಅದನ್ನು ನಕಲಿ ಮಾಡಲು ಎರಡು ನಿಮಿಷ ಸಾಕು. ‘ದುಡ್ಡು ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುವವರಂತೂ ನಮಗೂ ಗಂಟುಬಿದ್ದಿದ್ದರು. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಸಂಸ್ಥೆ ನಿಮಗೆ ಹೊಸದಾದರೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿದೆಯೇ ನೋಡಿ. ಅದಕ್ಕಿಂತ ಮುಖ್ಯವಾಗಿ, ಒಂದು ಸಲ ಹೋಗಿ ಬನ್ನಿ. ಹೋಗದಿದ್ದರೆ ಡೈಪರ್ ವಿಷಯ ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಇನ್ನೊಂದು ಮಾತು. ‘80ಜಿ ರಸೀದಿ ಸಿಗುತ್ತೆ’ ಎಂದು ಆಸೆ ತೋರಿಸಿ ಮಾರಬೇಡಿ. ದುಡ್ಡಿಗೆ ಬದಲಾಗಿ ಕೈಗೆ ವಸ್ತು ಸಿಕ್ಕಿದ ಮೇಲೆ ಕೊಂಡವರ ಪಾಲಿಗೆ ಅದು ಖರೀದಿ, ದಾನವಲ್ಲ. ಆದ್ದರಿಂದಲೇ ಪುಣ್ಯದ ಹೆಸರಿನಲ್ಲಿ ಮೂರು ಕಾಸಿನ ವಸ್ತುವಿಗೆ ಆರು ಕಾಸು ಕೇಳುವುದೂ ತಪ್ಪು. ಗಿಟಾರ್‌ನ ಒಂದು ತಂತಿ ಹೋಗಿದೆ ಎಂದರೆ ಹೋಗಿದೆ ಎಂದೇ ಬರೆಯಬೇಕು.

ಅಕ್ಕ ತಾನೂ ₹2,000 ಕಳಿಸುತ್ತೇನೆ, ತನ್ನ ಮನೆ ಓನರ್ ಆಂಟಿಯೂ ಕೊಡುತ್ತಾರಂತೆ ಎಂದಳು. ಆಂಟಿ ಮೂಲತಃ ಪಂಜಾಬಿನವರು, ಈಗ ಕೆನಡಾ ಪ್ರಜೆ. ಇಲ್ಲಿ ಸ್ವಲ್ಪ ತಡೆದೆವು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಭಾರತೀಯ ಪೌರತ್ವ ಇರುವ ಅಕ್ಕ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವುದು ವಿದೇಶಿ ದೇಣಿಗೆ ಅಲ್ಲ. ಆಂಟಿ ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಕೇಂದ್ರದ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ನಮ್ಮ ಆಶ್ರಮಕ್ಕೆ ಆ ನೋಂದಣಿ ಇಲ್ಲ. ‘ನಿನ್ನ ಖಾತೆಗೆ ಹಾಕಲಾ ಹಾಗಾದ್ರೆ?’ ಎಂದು ಅಕ್ಕ ಕೇಳಿದಳು. ನಾನು ಬೇಡ ಅಂದಷ್ಟು ಜೋರಾಗಿ ಯಾರೂ ಅಂದಿರಲಿಕ್ಕಿಲ್ಲ.

ಈ ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ಮಾರುತ್ತಿದ್ದೇವೆ. ಲೆಕ್ಕದ ಜವಾಬ್ದಾರಿ ಅವತ್ತು ಪ್ರಶ್ನೆ ಕೇಳಿದ ಜೂನಿಯರ್‌ನದು. ನಾನೇ ಹೋಗಿ ಕೇಳಿಕೊಂಡೆ. ‘ನಿಮ್ಮ ಫೋನ್ ನಂಬರ್ ಎಲ್ಲೂ ಹಾಕಲ್ಲ ಅಣ್ಣ’ ಅಂದ. ಸರಿ ಅಂದೆ. ಸದ್ಯಕ್ಕೆ ಪಟ್ಟಿಯಲ್ಲಿ ಎರಡು ಲ್ಯಾಬ್ ಕೋಟು, ಒಂದು ಟೇಬಲ್ ಫ್ಯಾನ್, ಸ್ಕ್ರೂ ಸಡಿಲವಾದ ಒಂದು ಡ್ರಾಫ್ಟರ್ ಇವೆ. ಡ್ರಾಫ್ಟರ್ ನನ್ನದು, ಬೆಲೆ ₹200. ಸ್ಕ್ರೂ ಸಡಿಲ ಎಂದು ಫೋಟೊ ಕೆಳಗೇ ಬರೆದಿದ್ದಾನೆ.