ಬಲಿಪೂಜೆಯಲ್ಲಿ ಹಾಡುವವರು ಯಾರು?

ಮಿರ್ಲೆಯ ಸುತ್ತಮುತ್ತಲ ಊರುಗಳಲ್ಲಿ ತಮಟೆ, ತಾಳ, ಹಾರ್ಮೋನಿಯಂಗಳ ನಾದವನ್ನು ಕೇಳಿ ಬೆಳೆದ ನಮಗೆ, ಅವು ದೇವಾಲಯದೊಳಗೆ ಸಲ್ಲುವವೇ ಎಂಬ ಪ್ರಶ್ನೆ ಹೊಸದಲ್ಲ. 1903ರಲ್ಲಿ ಪೋಪ್ ಹತ್ತನೆಯ ಪಿಯುಸ್‌ರವರು ಪಿಯಾನೊವನ್ನೂ ನಗಾರಿಯಂತಹ ಅಬ್ಬರದ ವಾದ್ಯಗಳನ್ನೂ ದೇವಾಲಯದಿಂದ ಹೊರಗಿರಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನವಾದರೋ, ಗ್ರೆಗೋರಿಯನ್ ಗಾನಕ್ಕೆ ಅಗ್ರಸ್ಥಾನವನ್ನಿತ್ತು, ಆಯಾ ನಾಡಿನ ಸಂಗೀತವನ್ನೂ ಗೌರವಿಸಬೇಕೆಂದು ವಿಧಿಸಿತು. ಆದುದರಿಂದ ವಾದ್ಯವು ಸ್ವದೇಶಿಯೋ ಪರದೇಶಿಯೋ ಎಂಬ ವಾದದಿಂದ ಪ್ರಯೋಜನವಿಲ್ಲ.

ನಮ್ಮನ್ನು ಕಾಡುವ ಸಂಗತಿ ಬೇರೆ. ಹಲವೆಡೆ ಚಲನಚಿತ್ರದ ಧಾಟಿಯನ್ನು ಕೀಬೋರ್ಡಿನ ತಾಳಕ್ಕೆ ಹೊಂದಿಸಿ, ನಾಲ್ವರು ಧ್ವನಿವರ್ಧಕದಲ್ಲಿ ಹಾಡುತ್ತಾರೆ. ಹಳೆಯ ಕೀರ್ತನೆಗಳನ್ನು ಬಾಯಿಪಾಠವಾಗಿ ಬಲ್ಲ ನಮ್ಮ ತಾಯಂದಿರು ಮೌನವಾಗಿ ನಿಂತಿರುತ್ತಾರೆ. ಆ ಧಾಟಿ ಕಿವಿಗೆ ಬಿದ್ದೊಡನೆ ಮನಸ್ಸು ಬಲಿಪೀಠವನ್ನು ಬಿಟ್ಟು ಚಿತ್ರಮಂದಿರಕ್ಕೆ ಹೋಗುತ್ತದೆ. ಭಕ್ತಾದಿಗಳೆಲ್ಲರೂ ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂಬ ಮಹಾಸಭೆಯ ಆಶಯಕ್ಕೆ ಇದು ವಿರುದ್ಧವಲ್ಲವೇ?

ಯುವಜನರ ಉತ್ಸಾಹವನ್ನು ನಾವು ಹಳಿಯುತ್ತಿಲ್ಲ. ಅವರಿಲ್ಲದೆ ಗಾಯನವೃಂದವೇ ಇರದು. ಆದರೆ ಪೂಜೆಗೆ ಹತ್ತು ನಿಮಿಷ ಮುನ್ನ ಹೊಸ ಗೀತೆಯನ್ನು ಸಭೆಗೆಲ್ಲ ಕಲಿಸಲಿ. ವಾದ್ಯದ ದನಿ ಕಂಠದ ದನಿಗಿಂತ ತಗ್ಗಿರಲಿ. ಪರಮಪ್ರಸಾದದ ಬಳಿಕ ತುಸು ಮೌನವೂ ಇರಲಿ. ಹಿಂದಿನ ಬೆಂಚಿನಲ್ಲಿ ಕುಳಿತ ಅಜ್ಜಿಯೂ ದನಿಗೂಡಿಸಬಲ್ಲ ಹಾಡೇ ಆರಾಧನೆಗೆ ತಕ್ಕ ಹಾಡೆಂದು ನಾವು ನಂಬುತ್ತೇವೆ.